ಎರಡು ಚಮಚ ಬೇಳೆಕಟ್ಟು

ನಮ್ಮ ಅಡುಗೆಮನೆಯಲ್ಲಿ ಕ್ಯಾಲೆಂಡರ್ ನೇತುಹಾಕುವ ಮೊಳೆಗೇ ದಾರ ಕಟ್ಟಿ ಒಂದು ನೋಟ್‌ಬುಕ್ ಇಳಿಬಿಟ್ಟಿದ್ದೇವೆ. ಮೊದಲು ಅದು ಹಾಲಿನ ಲೆಕ್ಕದ್ದು. ದಿನಾ ಬೆಳಿಗ್ಗೆ ಅಮ್ಮ ಪೆನ್ಸಿಲಿನಲ್ಲಿ ಒಂದು ಲೀಟರು ಎಂದೋ, ನೆಂಟರಿದ್ದ ದಿನ ಒಂದೂವರೆ ಎಂದೋ ಬರೆದಿಡುತ್ತಿದ್ದಳು. ಅದನ್ನೇ ತಿರುವಿಹಾಕಿ ಕೊನೆಯ ಪುಟದಿಂದ ನನ್ನ ಲೆಕ್ಕ ಶುರುಮಾಡಿದೆವು. ಆ ಕಡೆಯ ಮೊದಲ ಸಾಲು ಹೀಗಿದೆ: ‘ಸೋಮವಾರ ಮಧ್ಯಾಹ್ನ. ಹೆಸರುಬೇಳೆ ಕಟ್ಟು, ಎರಡು ಚಮಚ. ರಾತ್ರಿ ಹೊಟ್ಟೆ ತಣ್ಣಗಿತ್ತು.’

ಆ ಒಂದು ಸಾಲಿಗೆ ಬಂದು ಮುಟ್ಟುವಷ್ಟರಲ್ಲಿ ಒಂದು ವರ್ಷವೇ ಕಳೆದಿತ್ತು.

ನನಗಿರುವುದು ಕ್ರೋನ್ಸ್ ಕಾಯಿಲೆ. ಕರುಳಿನ ಉರಿಯೂತದ ಕಾಯಿಲೆಗಳಲ್ಲಿ ಮುಖ್ಯವಾದವು ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು ಮಾಡುತ್ತದೆ. ಕ್ರೋನ್ಸ್ ಹಾಗಲ್ಲ, ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು, ಕರುಳಿನ ಗೋಡೆಯ ಆಳಕ್ಕೂ ಇಳಿಯಬಹುದು. ಅದಕ್ಕೆ ಬಲು ಪ್ರಿಯವಾದ ಜಾಗವೆಂದರೆ ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಮೂಲೆ. ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ಆ ಮೂಲೆಗೆ ಪೆನ್ನು ಕುಕ್ಕಿ ತೋರಿಸಿದ್ದರಿಂದ ಅಮ್ಮ ಇವತ್ತಿಗೂ ಅದನ್ನು ‘ಮೂಲೆ ಕಾಯಿಲೆ’ ಎಂದೇ ಕರೆಯುತ್ತಾಳೆ. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವೈದ್ಯರು ಸೇರಿ ಇದರ ಬಗ್ಗೆ ಬರೆದರು. ಅಕ್ಷರಮಾಲೆಯ ಕ್ರಮದಲ್ಲಿ ಕ್ರೋನ್ ಮೊದಲು ಬಂದರು, ಕಾಯಿಲೆಗೆ ಅವರ ಹೆಸರೇ ನಿಂತಿತು. ನನಗೆ ಅಮ್ಮ ಇಟ್ಟ ಹೆಸರೇ ಹೆಚ್ಚು ಅರ್ಥವಾಗುತ್ತದೆ.

ನಮ್ಮ ದೇಶದಲ್ಲಿ ಅದೇ ಮೂಲೆಗೆ ಕರುಳಿನ ಕ್ಷಯವೂ ಬಂದು ಕೂರುತ್ತದೆ. ಹೊಟ್ಟೆನೋವು, ಜ್ವರ, ತೂಕ ಇಳಿಯುವುದು, ಎಲ್ಲ ಒಂದೇ ತರಹ. ಕೊಲೊನೋಸ್ಕೋಪಿ ಮಾಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದರೂ ಕೆಲವೊಮ್ಮೆ ಇದೋ ಅದೋ ಎಂದು ಹೇಳಲು ಬಾರದೆ ಅನುಭವಿ ವೈದ್ಯರೂ ಕಾಯುತ್ತಾರೆ. ಹಾಗೆ ಕಾದ ತಿಂಗಳುಗಳಲ್ಲೇ ನಾನು ಒಂದೊಂದಾಗಿ ಊಟದ ಪದಾರ್ಥ ಬಿಡತೊಡಗಿದ್ದು.

ಕಾಯಿಲೆ ಎಂದ ಕೂಡಲೇ ನಮ್ಮಲ್ಲಿ ಯಾರೇ ಬಂದರೂ ಕೇಳುವುದು ‘ಏನೇನು ಬಿಡಬೇಕಂತೆ?’ ಎಂದು. ಚಿಕ್ಕಮ್ಮ ಬಂದವರು ಬದನೆಕಾಯಿ ನಂಜು ಎಂದರು, ಬಿಟ್ಟೆ. ಪಕ್ಕದ ಮನೆಯ ಅಜ್ಜಿ ಆಲೂಗಡ್ಡೆ ವಾಯು ಎಂದರು, ಅದನ್ನೂ ಬಿಟ್ಟೆ. ಪರಂಗಿಹಣ್ಣು ಉಷ್ಣ, ಸೌತೆಕಾಯಿ ಶೀತ, ತೊಗರಿಬೇಳೆ ಪಿತ್ತ. ಹೇಳಿದವರೆಲ್ಲ ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದರು. ಬಿಟ್ಟ ದಿನ ಹೊಟ್ಟೆ ಕೊಂಚ ಹಗುರವಾದರೆ ಅದೇ ಕಾರಣ ಅನ್ನಿಸುತ್ತಿತ್ತು, ಮತ್ತೆ ನುಲಿದರೆ ಬಿಡಲು ಇನ್ನೇನು ಉಳಿದಿದೆ ಎಂದು ಹುಡುಕುತ್ತಿದ್ದೆ. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಮೆತ್ತಗಿನ ಅನ್ನ, ನೀರು ಮಜ್ಜಿಗೆ, ಉಪ್ಪು. ಐವತ್ತೆಂಟು ಕೆಜಿ ಇದ್ದವಳು ನಲವತ್ತಮೂರಕ್ಕೆ ಇಳಿದೆ. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಕ್ರೋನ್ಸ್ ಎಂದು ಖಚಿತವಾಗಿ, ಔಷಧಿ ಶುರುವಾಗಿ, ಉರಿ ತಗ್ಗಿದ ಮೇಲೆ ಡಾಕ್ಟರು ನನ್ನನ್ನು ಡಯಟೀಷಿಯನ್ ಹತ್ತಿರ ಕಳಿಸಿದರು. ಆ ಹೆಣ್ಣುಮಗಳು ನಾನು ಬಿಟ್ಟ ಪದಾರ್ಥಗಳ ಪಟ್ಟಿಯನ್ನು ಪೂರಾ ಓದಿ ಕೆಳಗಿಟ್ಟು ಹೇಳಿದ ಮಾತು ನನಗೆ ದಾರಿ ತೋರಿಸಿತು. “ನೋಡಿ, ಬಿಡೋದನ್ನ ನೀವು ಚೆನ್ನಾಗಿ ಕಲ್ತಿದೀರಿ. ಇನ್ನು ತಗೊಳ್ಳೋದನ್ನ ಕಲೀಬೇಕು. ಅದೇ ಕಷ್ಟ. ನಿಧಾನಕ್ಕೆ ಮಾಡೋಣ.”

ಪಥ್ಯ ಎಂಬ ಮಾತಿನ ಒಳಗೆ ಪಥ ಇದೆ, ಪಥವೆಂದರೆ ದಾರಿ. ದಾರಿ ಅಂದಮೇಲೆ ಎಲ್ಲಿಗಾದರೂ ಹೋಗಿ ಮುಟ್ಟಬೇಕು. ನಮ್ಮ ಹಿರಿಯರ ಪಥ್ಯಗಳೆಲ್ಲ ಹಾಗೇ ಇದ್ದವು. ಬಾಣಂತಿಗೆ ಮೊದಲು ಮೆಣಸಿನ ಸಾರು, ಆಮೇಲೆ ಒಂದೊಂದೇ ತರಕಾರಿ, ಕೊನೆಗೊಂದು ದಿನ ಎಲ್ಲರ ಜೊತೆ ಊಟ. ಆಯುರ್ವೇದದಲ್ಲಿ ಶೋಧನ ಚಿಕಿತ್ಸೆ ಆದವರಿಗೆ ಸಂಸರ್ಜನ ಕ್ರಮ ಅಂತ ಒಂದಿದೆ. ಮೊದಲು ತೆಳು ಗಂಜಿ, ಅದು ಪೇಯಾ. ಆಮೇಲೆ ಗಟ್ಟಿ ಗಂಜಿ, ಅದು ವಿಲೇಪಿ. ಅದಾದ ಮೇಲೆ ಉಪ್ಪು, ಎಣ್ಣೆ ಏನೂ ಹಾಕದ ಬೇಳೆಕಟ್ಟು. ನಂತರ ಉಪ್ಪು, ಒಗ್ಗರಣೆ ಕಂಡ ಕಟ್ಟು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮಾಮೂಲಿ ಊಟಕ್ಕೆ. ಅದು ಬೇರೆ ಉದ್ದೇಶಕ್ಕೆ ಮಾಡಿದ್ದು, ನನ್ನ ಕಾಯಿಲೆಗೆ ಅದು ಔಷಧವೆಂದು ನಾನು ಹೇಳುತ್ತಿಲ್ಲ. ಆದರೆ ಹಸಿವು ಮತ್ತು ಅನ್ನದ ನಡುವೆ ಮೆಟ್ಟಿಲು ಕಟ್ಟಬೇಕು ಎಂಬ ತಿಳಿವಳಿಕೆ ಎಷ್ಟು ಹಳೆಯದು!

ನಮ್ಮ ಮೆಟ್ಟಿಲುಗಳ ನಿಯಮ ಸಣ್ಣದು. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ. ಮೊದಲ ದಿನ ಎರಡು ಚಮಚ, ಮರುದಿನ ನಾಲ್ಕು, ಮೂರನೆಯ ದಿನ ಒಂದು ಸಣ್ಣ ಬಟ್ಟಲು. ಆ ಮೂರು ದಿನ ಮತ್ತೇನೂ ಹೊಸದು ಬೇಡ. ತಿಂದದ್ದು, ಹೊತ್ತು, ನೋವು, ಎಷ್ಟು ಸಲ ಹೊರಗೆ ಹೋದದ್ದು, ಎಲ್ಲ ಬರೆಯಬೇಕು. ಒಗ್ಗದಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯುವುದು, ತಿಂಗಳು ಬಿಟ್ಟು ಮತ್ತೆ ಕೇಳುವುದು. ಔಷಧಿ ಮಾತ್ರ ಒಂದು ದಿನವೂ ತಪ್ಪಬಾರದು, ಊಟ ಸರಿಹೋಯಿತು ಎಂದು ಮಾತ್ರೆ ಬಿಡುವ ಹಾಗಿಲ್ಲ.

ಆಗಲೇ ತಂಗಿಯ ಮಗುವಿಗೆ ಅನ್ನಪ್ರಾಶನವಾಗಿತ್ತು. ಅವಳ ಮಕ್ಕಳ ಡಾಕ್ಟರೂ ಹೇಳಿದ್ದು ಅದನ್ನೇ: ಒಂದೊಂದೇ ಕೊಡಿ, ಎರಡು ಮೂರು ದಿನ ನೋಡಿ. ಆ ಮಗು ಮತ್ತು ನಾನು ಒಂದೇ ಪಾತ್ರೆಯಲ್ಲಿ ಬೆಂದ ಕ್ಯಾರೆಟ್ ತಿಂದೆವು. ಅಮ್ಮ ಇಬ್ಬರಿಗೂ ಸೇರಿಸಿ ರಾಗಿ ಸರಿಹಿಟ್ಟು ಮಾಡುತ್ತಿದ್ದಳು. ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ ತಂದ ಹಿಟ್ಟನ್ನು ವಸ್ತ್ರಗಾಳಿತ ಮಾಡುವುದನ್ನು ಹತ್ತಿರ ಕೂತು ನೋಡಬೇಕು. ಪಾತ್ರೆಯ ಬಾಯಿಗೆ ಹಳೆಯ ಪಂಚೆಯ ತುಂಡನ್ನು ಬಿಗಿಯಾಗಿ ಕಟ್ಟಿ, ಮೇಲೆ ಒಂದು ಹಿಡಿ ಹಿಟ್ಟು ಸುರಿದು, ಅಂಗೈಯಿಂದ ಸುತ್ತುಸುತ್ತಾಗಿ ಸವರುತ್ತಾಳೆ. ಕೆಳಗೆ ಮಂಜಿನಂತೆ ಹಿಟ್ಟು ಇಳಿಯುತ್ತದೆ, ಬಟ್ಟೆಯ ಮೇಲೆ ಕೆಂಪು ತೌಡು ಉಳಿಯುತ್ತದೆ. ಆ ತೌಡೇ ಒರಟು ನಾರು. ಕರುಳು ಊದಿಕೊಂಡಾಗ, ಅಥವಾ ಹುಣ್ಣು ಮಾಗಿ ದಾರಿ ಕಿರಿದಾದಾಗ, ಇಂಥ ನಾರು ಸಿಕ್ಕಿಕೊಂಡು ಪ್ರಾಣಸಂಕಟ ತರಬಹುದು.

ಹಾಗೆಂದು ನಾರು ಶತ್ರುವಲ್ಲ. ಇದು ನನಗೆ ತಡವಾಗಿ ತಿಳಿಯಿತು. ದೊಡ್ಡ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ನಾರೇ ಊಟ. ಅದನ್ನು ತಿಂದು ಅವು ಬ್ಯುಟಿರೇಟ್ ಎಂಬ ವಸ್ತುವನ್ನು ಮಾಡುತ್ತವೆ, ಆ ಕರುಳಿನ ಒಳಪದರದ ಜೀವಕೋಶಗಳು ಹೆಚ್ಚಾಗಿ ಅದರಿಂದಲೇ ಶಕ್ತಿ ಪಡೆಯುತ್ತವೆ. ನಾರನ್ನು ಪೂರ್ತಿ ಬಿಟ್ಟು ಕೂತರೆ ಆ ಬ್ಯಾಕ್ಟೀರಿಯಾಗಳೂ ಉಪವಾಸ. ಆದ್ದರಿಂದ ಪದಾರ್ಥವನ್ನು ಬಿಡುವ ಬದಲು ಅದರ ರೂಪ ಬದಲಿಸಬೇಕು. ಸಿಪ್ಪೆ ತೆಗೆದು, ಬೀಜ ತೆಗೆದು, ಚೆನ್ನಾಗಿ ಬೇಯಿಸಿ, ಮಸೆದು, ಸೋಸಿ. ಕರುಳು ಸುಧಾರಿಸಿದ ಹಾಗೆ ಸೋಸುವುದನ್ನು ಬಿಡು, ಆಮೇಲೆ ಮಸೆಯುವುದನ್ನು ಬಿಡು, ಕಡೆಗೆ ಸಿಪ್ಪೆ. ಬೂದುಗುಂಬಳ, ಸೀಮೆಬದನೆ, ಸೋರೆಕಾಯಿ ನನಗೆ ಈ ಕ್ರಮದಲ್ಲೇ ಮರಳಿ ಬಂದವು. ಮಾಗಿದ ಪುಟ್ಟಬಾಳೆ ಬಂದ ದಿನ ಅಪ್ಪ ಇಡೀ ಚಿಪ್ಪು ಹಣ್ಣು ತಂದಿದ್ದರು. ನಾನು ತಿಂದದ್ದು ಅರ್ಧ ಹಣ್ಣು.

ಹೊರದೇಶಗಳಲ್ಲೂ ಇದೇ ಹುಡುಕಾಟ ನಡೆದಿದೆ. ಕ್ರೋನ್ಸ್ ಇರುವ ಮಕ್ಕಳಿಗೆ ಆರರಿಂದ ಎಂಟು ವಾರ ಬರೀ ಪೌಷ್ಟಿಕ ದ್ರವಾಹಾರ ಕೊಟ್ಟು ಉರಿಯೂತ ತಗ್ಗಿಸುವ ಚಿಕಿತ್ಸೆ ಇವತ್ತು ಒಪ್ಪಿತವಾಗಿದೆ. ಅದು ಮುಗಿದ ಮೇಲೆ ಊಟವನ್ನು ಮೆಲ್ಲಮೆಲ್ಲನೆ ಸೇರಿಸುತ್ತಾರೆ. ಇಸ್ರೇಲಿನ ವೈದ್ಯ ಆರಿ ಲೆವಿನ್ ಮತ್ತು ಅವರ ಜೊತೆಗಾರರು ಅದಕ್ಕೆ ಇನ್ನೊಂದು ರೂಪ ಕೊಟ್ಟರು. ಸ್ವಲ್ಪ ದ್ರವಾಹಾರ, ಜೊತೆಗೆ ಕೋಳಿ, ಮೊಟ್ಟೆ, ಆಲೂಗಡ್ಡೆ, ಬಾಳೆಹಣ್ಣು, ಸೇಬು. ಆರು ವಾರದ ಮೇಲೆ ಪಟ್ಟಿ ಹಿಗ್ಗುತ್ತದೆ, ಹನ್ನೆರಡು ವಾರದ ಮೇಲೆ ಇನ್ನಷ್ಟು. ಆ ಪಟ್ಟಿಯಲ್ಲಿ ಆಲೂಗಡ್ಡೆಯನ್ನು ಕಂಡು ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ವರ್ಷದಿಂದ ಮುಟ್ಟಿರಲಿಲ್ಲ.

ಅಮೆರಿಕದಲ್ಲಿ ಧಾನ್ಯ, ಸಕ್ಕರೆ ಬಿಡುವ ಒಂದು ಕಟ್ಟುನಿಟ್ಟಿನ ಆಹಾರಕ್ರಮವನ್ನು ಅನೇಕರು ದಶಕಗಳಿಂದ ನಂಬಿ ನಡೆಸಿದ್ದಾರೆ. ಅದನ್ನೂ ತರಕಾರಿ, ಹಣ್ಣು, ಕಾಳು, ಮೀನು, ಆಲಿವ್ ಎಣ್ಣೆಯ ಮೆಡಿಟರೇನಿಯನ್ ಊಟವನ್ನೂ ಕ್ರೋನ್ಸ್ ಇರುವ 194 ಜನರಲ್ಲಿ ಹೋಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆರು ವಾರದಲ್ಲಿ ಕಟ್ಟುನಿಟ್ಟಿನದು ಹೆಚ್ಚೆಂದು ಕಾಣಲಿಲ್ಲ. ಹೆಚ್ಚು ಬಿಟ್ಟವರಿಗೆ ಹೆಚ್ಚು ಗುಣ ಎಂಬ ಲೆಕ್ಕ ಇಲ್ಲವೆಂದು ಇದರಿಂದ ನನಗೆ ಧೈರ್ಯ ಬಂತು.

ಈರುಳ್ಳಿಯ ಕಥೆಯನ್ನೂ ಹೇಳಬೇಕು. ಎರಡನೆಯ ದಿನಕ್ಕೇ ಹೊಟ್ಟೆ ಉಬ್ಬಿ, ಗುಡುಗುಡು ಎಂದು, ಕಾಯಿಲೆ ಮರಳಿತೆಂದು ನಾನು ರಾತ್ರಿಯಿಡೀ ಅತ್ತೆ. ಡಾಕ್ಟರು ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿದರು. ಕರುಳಿನಲ್ಲಿ ಉರಿಯೂತ ಇದ್ದರೆ ಬಿಳಿರಕ್ತಕಣಗಳಿಂದ ಬರುವ ಆ ಪ್ರೋಟೀನು ಏರುತ್ತದೆ. ನನ್ನದು ಏರಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಹೋಗಿ ಹುದುಗಿ ಗಾಳಿ ಮಾಡುತ್ತವೆ. ಅದು ಹಿಂಸೆ ನಿಜ, ಆದರೆ ಹುಣ್ಣಲ್ಲ. ಗಾಳಿಗೂ ಉರಿಗೂ ಇರುವ ಈ ವ್ಯತ್ಯಾಸ ತಿಳಿಯದೆ ನಾನು ಎಷ್ಟು ಪದಾರ್ಥಗಳನ್ನು ಮನೆಯಿಂದಾಚೆ ಹಾಕಿದ್ದೆನೋ! ಈಗ ಒಗ್ಗರಣೆಗೆ ಇಂಗು ಹಾಕಿಕೊಂಡು ನೆಮ್ಮದಿಯಾಗಿದ್ದೇನೆ. ಮೊಸರು ಒಗ್ಗಿತು, ಹಾಲು ಒಗ್ಗಲಿಲ್ಲ. ಹೆಪ್ಪು ಹಾಲಿನ ಸಕ್ಕರೆಯನ್ನು ಒಂದಷ್ಟು ತಾನೇ ತಿಂದು ನಮಗೆ ಹಗುರ ಮಾಡಿಕೊಡುತ್ತದೆ.

ಊಟ ಬಿಟ್ಟವರಿಗೆ ಜನವೂ ಬಿಟ್ಟುಹೋಗುತ್ತಾರೆ. ಮದುವೆಮನೆಗೆ ಹೋಗುವುದನ್ನೇ ನಿಲ್ಲಿಸಿದ್ದೆ. ಹೋಗಲೇಬೇಕಾದ ಒಂದು ಮದುವೆಯಲ್ಲಿ ಪಂಕ್ತಿಗೆ ಕೂತು ಕೋಸಂಬರಿ ಬೇಡ, ಪಲ್ಯ ಬೇಡ ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾ ಬಂದೆ. ಬಡಿಸುತ್ತಿದ್ದ ಹಿರಿಯರೊಬ್ಬರು ಒಂದು ಕ್ಷಣ ನಿಂತು, “ಹುಷಾರಿಲ್ವೇನಮ್ಮಾ?” ಎಂದರು. ತಲೆಯಾಡಿಸಿದೆ. ಒಳಗೆ ಹೋಗಿ ಬಿಸಿ ಅನ್ನ, ಮೇಲಿನಿಂದಷ್ಟೇ ತೆಗೆದ ತಿಳಿಸಾರು, ಒಂದು ಚಮಚ ತುಪ್ಪ ತಂದು ಬಡಿಸಿದರು. “ಇಷ್ಟೇ ತಿನ್ನಿ, ಸಾಕು. ಎದ್ದು ಹೋಗಬೇಡಿ, ಎಲ್ಲರ ಜೊತೆ ಕೂತಿರಿ.” ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ಹೀಗೆ ಮಾಡಿ. ಅವರಿಗೆ ಒಗ್ಗುವುದನ್ನು ಬಡಿಸಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕೊನೆಯದಾಗಿ ಹೀರೆಕಾಯಿ. ವರ್ಷವಿಡೀ ಅಮ್ಮ ನನಗಾಗಿ ಹೀರೆಕಾಯಿಯನ್ನು ದಪ್ಪಗೆ ಹೆರೆದು, ತಿರುಳು ಮಾತ್ರ ಬೇಯಿಸುತ್ತಿದ್ದಳು. ನಮ್ಮ ಮನೆಯಲ್ಲಿ ಆ ಸಿಪ್ಪೆ ಎಂದೂ ವ್ಯರ್ಥವಾದದ್ದಲ್ಲ. ಎಣ್ಣೆಯಲ್ಲಿ ಬಾಡಿಸಿ, ಕಾಯಿತುರಿ, ಹುಣಿಸೆಹಣ್ಣು, ಬೆಲ್ಲ ಹಾಕಿ ಚಟ್ನಿ ರುಬ್ಬುತ್ತಾಳೆ, ಅಪ್ಪನಿಗೆ ಅದೇ ಇದ್ದರೆ ಎರಡು ತುತ್ತು ಹೆಚ್ಚು. ಒಂದು ದಿನ ಹಿತ್ತಲಿಗೆ ಹೋದಾಗ ಗೊಬ್ಬರದ ಗುಂಡಿಯಲ್ಲಿ ಹೀರೆ ಸಿಪ್ಪೆ ರಾಶಿ ಬಿದ್ದಿತ್ತು. ಪರಿಮಳಕ್ಕೆ ನನಗೆ ಆಸೆಯಾದೀತೆಂದು ಅಮ್ಮ ಚಟ್ನಿ ಮಾಡುವುದನ್ನೇ ಬಿಟ್ಟಿದ್ದಳು, ಅಪ್ಪ ಕೇಳುವುದನ್ನು ಬಿಟ್ಟಿದ್ದರು. ನನ್ನ ಪಥ್ಯವನ್ನು ಮನೆಯವರೆಲ್ಲ ಹಿಡಿದಿದ್ದರು.

ಹೋದ ತಿಂಗಳು ಸ್ಕ್ಯಾನ್ ನೋಡಿ, ಕರುಳು ಎಲ್ಲೂ ಕಿರಿದಾಗಿಲ್ಲ, ಸಿಪ್ಪೆಯನ್ನೂ ನೋಡಬಹುದು ಎಂದರು ಡಾಕ್ಟರು. ಅಮ್ಮ ಎಳೆಯ ಹೀರೆಕಾಯಿ ಆರಿಸಿ ತಂದು, ಸಿಪ್ಪೆ ಬಾಡಿಸಿ, ಒರಳಿನಲ್ಲಿ ಗಂಧದಷ್ಟು ನುಣ್ಣಗೆ ರುಬ್ಬಿದಳು. ಬಿಸಿ ಅನ್ನದ ತುದಿಗೆ ಅರ್ಧ ಚಮಚ. ಅಪ್ಪ ತಮ್ಮ ತಟ್ಟೆಗೆ ಹಾಕಿಸಿಕೊಂಡು, ನಾನು ಬಾಯಿಗಿಡುವವರೆಗೆ ಕೈ ಹಾಕಲಿಲ್ಲ.

ಮೂರು ದಿನ ಕಾದೆವು. ಮೂರನೆಯ ದಿನ ಸಂಜೆ ಅಮ್ಮ ಮೊಳೆಯಿಂದ ನೋಟ್‌ಬುಕ್ ತೆಗೆದು, ಪೆನ್ಸಿಲು ಹಿಡಿದು ನನ್ನ ಮುಖ ನೋಡಿದಳು.

“ಬರಿ” ಎಂದೆ.