ಎಲುಬಿನೊಳಗಿನ ಕೊಬ್ಬು

ನಮ್ಮ ಬೀದರ್ ಕಡೆ ಯಾರಾದ್ರೂ ದಪ್ಪ ಆದ್ರೆ 'ಮೈ ಹಿಡಿದಾನ, ಚೊಲೊ ಆಗ್ಯಾನ' ಅಂತಾರೆ. ಬರ ಕಂಡ ಊರುಗಳಲ್ಲಿ ಮೈ ಬರೋದು ಅಂದ್ರೆ ಮನೆಯಲ್ಲಿ ಜೋಳ, ತೊಗರಿಗೆ ಕೊರತೆ ಇಲ್ಲ ಅಂತ ಅರ್ಥ.

ನಮ್ಮವ್ವ ಬಸವಕಲ್ಯಾಣದ ಹತ್ತಿರದ ಹಳ್ಳಿ ಬಿಟ್ಟು ಹುಮನಾಬಾದಿನ ಅಣ್ಣನ ಮನೆಗೆ ಬಂದು 4 ವರ್ಷ ಆಗಿತ್ತು. ಎರಡನೇ ಮಹಡಿ, ಹೊಲ ಇಲ್ಲ, ಟಿವಿ ಮುಂದೆ ಊಟ. ತೂಕ 14 ಕೆಜಿ ಏರಿತು. ಹೋದ ಮಳೆಗಾಲ ಮೆಟ್ಟಿಲಲ್ಲಿ ಜಾರಿ ಕಣಕಾಲು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಕೂತವಳು ಕೇಳಿದಳು: "ಮೈ ಇದ್ದವರ ಎಲುಬು ಗಟ್ಟಿ ಇರ್ತಾವಂತಲ್ಲೋ ತಮ್ಮಾ, ನಂದ್ಯಾಕ ಮುರೀತು?"

ಪ್ರಶ್ನೆ ಸರಿಯಾಗಿಯೇ ಇದೆ. ಭಾರ ಹೊತ್ತ ಎಲುಬು ದಟ್ಟ ಆಗುತ್ತೆ. ದಪ್ಪ ಇರುವವರಲ್ಲಿ ಸೊಂಟದ ಕೀಲು ಮುರಿಯೋದು ಕಡಿಮೆ, ಕಣಕಾಲು ಮುರಿಯೋದು ಮಾತ್ರ ಹೆಚ್ಚು. ಬೀಳುವಾಗ ಭಾರವೂ ಜೊತೆಗೇ ಬೀಳುತ್ತಲ್ಲ. ಉಳಿದ ಕಥೆ ಎಲುಬಿನ ಒಳಗಿದೆ.

ಹೈವೇ ಢಾಬಾದಲ್ಲಿ ನಲ್ಲಿ ತಿಂದವರಿಗೆ ಮಜ್ಜೆ ಗೊತ್ತು. ಹುಟ್ಟಿದಾಗ ಅದು ಹೆಚ್ಚುಕಮ್ಮಿ ಪೂರಾ ಕೆಂಪು, ರಕ್ತದ ಕಾರ್ಖಾನೆ. ದೊಡ್ಡವರಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ಅಲ್ಲಿಂದ ಬರುತ್ತವೆ. ಬೆಳೆಯುತ್ತಾ ಕೈಕಾಲಿನ ತುದಿಯಿಂದ ಮಜ್ಜೆ ಹಳದಿ ಆಗುತ್ತಾ ಬರುತ್ತೆ, ಅಂದ್ರೆ ಕೊಬ್ಬು ತುಂಬುತ್ತೆ. 25ರ ಹೊತ್ತಿಗೆ ಕೆಂಪು ಉಳಿಯೋದು ಬೆನ್ನುಮೂಳೆ, ಸೊಂಟ, ಪಕ್ಕೆಲುಬು, ಎದೆಮೂಳೆ, ತಲೆಬುರುಡೆಯಂಥ ಕಡೆ. ವಯಸ್ಸಾದಂತೆ ಅಲ್ಲೂ ಕೊಬ್ಬು ಸೇರುತ್ತೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಇನ್ನೂ ಜೋರು.

ಮಜ್ಜೆಯ ಒಂದು ಬಗೆಯ ಸ್ಟೆಮ್ ಸೆಲ್ ಕಂಪನಿಗೆ ಬಂದ ಫ್ರೆಶರ್ ಇದ್ದ ಹಾಗೆ. ಎಲುಬು ಕಟ್ಟುವ ಕೋಶವೂ ಆಗಬಹುದು, ಕೊಬ್ಬಿನ ಕೋಶವೂ ಆಗಬಹುದು. ವಯಸ್ಸು ಏರಿದಂತೆ ಹೆಚ್ಚು ಜನ ಕೊಬ್ಬಿನ ಪ್ರಾಜೆಕ್ಟಿಗೇ ಹೋಗ್ತಾರೆ. ಹೊಟ್ಟೆಯೊಳಗಿನ ಬೊಜ್ಜು ಹೆಚ್ಚಿದ್ದವರ ಬೆನ್ನುಮೂಳೆಯ ಮಜ್ಜೆಯಲ್ಲೂ ಕೊಬ್ಬು ಹೆಚ್ಚಿರೋದು ಸ್ಕ್ಯಾನಿಂಗ್‌ನಲ್ಲಿ ಕಂಡಿದೆ. ಹಾಗಂತ ಊಟ ಬಿಟ್ಟರೆ ಆಗಲಿಲ್ಲ, ತೀರಾ ಹಸಿದ ದೇಹದಲ್ಲೂ ಮಜ್ಜೆಯ ಕೊಬ್ಬು ಏರುತ್ತೆ. ಓಡಿಸಿದ ಇಲಿಗಳಲ್ಲಿ ಮಾತ್ರ ಅದು ಇಳಿದಿದೆ. ಎಲುಬಿಗೆ ಕೆಲಸ ಬೇಕು, ಅಷ್ಟೆ.

ಪ್ಲಾಸ್ಟರ್ ಬಿಚ್ಚಿದ ದಿನ ಮನೆಯಲ್ಲಿ ಜಗಳ. "ಇನ್ಮ್ಯಾಗ ಅವ್ವ ಮೆಟ್ಟಿಲಾ ಇಳಿಯೋದೇ ಬ್ಯಾಡ" ಅಂದ ಅಣ್ಣ. "ನನ್ನ ಊರಿಗೆ ಬಿಡ್ರಿ" ಅಂದಳು ಅವ್ವ. ಡಾಕ್ಟರು ದಿನಾ ನಡೀಲಿ ಅಂದಿದ್ದರು, ನಾನು ಅವ್ವನ ಕಡೆ ನಿಂತೆ. "ನೀ ಬೆಂಗಳೂರಾಗ ಕುಂತು ಹೇಳ್ತಿ. ಮತ್ತ ಬಿದ್ರ ನೋಡೋರು ಯಾರು?" ಅಂತ ಅಣ್ಣ ಕೇಳಿದ. ಅದಕ್ಕೆ ಉತ್ತರ ನನ್ನ ಹತ್ತಿರ ಇವತ್ತೂ ಇಲ್ಲ. ಹಳ್ಳಿ ಮನೆಯ ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ರಾತ್ರಿ ಮಲಗಲು ಪಕ್ಕದ ಮನೆಯ ಅಕ್ಕ ಬರ್ತಾಳೆ.

ಈಗ ಅವ್ವ ಕೋಲು ಹಿಡಿದು ಹನುಮಂತ ದೇವರ ಗುಡಿ ತನಕ ನಡೀತಾಳೆ. ಇವತ್ತು ಎಷ್ಟು ನಡೆದಿ ಅಂತ ಫೋನ್ ಮಾಡಿ ಕೇಳಿದ್ರೆ, "ನಿಂದೆಷ್ಟು, ಅದು ಹೇಳ್ ಮೊದ್ಲ" ಅಂತಾಳೆ.