ಬೆವರುವ ಉಪ್ಪು

ಮುಂಬೈಯಿಂದ ಅಲಿಬಾಗಿಗೆ ರಸ್ತೆ ಹಿಡಿದರೆ ಹೆಚ್ಚುಕಡಿಮೆ 100 ಕಿಲೋಮೀಟರ್. ಕಡಲು ದಾಟಿ ಮಾಂಡ್ವಾ ಜೆಟ್ಟಿಯಲ್ಲಿ ಇಳಿದರೆ ಉಳಿಯುವುದು 20ರ ಆಸುಪಾಸು. ಅದಕ್ಕೆಂದೇ ಗೆಳೆಯನ 30 ಅಡಿಯ ಹಾಯಿದೋಣಿಯಲ್ಲಿ ನಾವು ಎರಡು ಮಡಚುವ ಸೈಕಲ್ ಇಟ್ಟಿದ್ದೆವು. 20 ಇಂಚಿನ ಚಕ್ರ, ತಲಾ 12 ಕಿಲೋ. ಮಡಚಿದರೆ ಮುಂದಿನ ಕ್ಯಾಬಿನ್ನಿನಲ್ಲಿ ಹಾಯಿಚೀಲಗಳ ಪಕ್ಕ ತೆಪ್ಪಗೆ ಕೂರುತ್ತಿದ್ದವು. ಶನಿವಾರ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟ ಕಿಹಿಮ್‌ನಲ್ಲಿ.

ಒಳಗಿಟ್ಟಿದ್ದೇವಲ್ಲ, ಒದ್ದೆಯಾಗುವುದಿಲ್ಲ ಎಂದುಕೊಂಡಿದ್ದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಬೆವರುವುದನ್ನು ಚಿಕ್ಕಂದಿನಿಂದ ನೋಡಿಯೂ ಮರೆತಿದ್ದೆ. ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಜೆಟ್ಟಿಯಲ್ಲಿ ಸಿಡಿದ ಹನಿ ಹಗಲು ಒಣಗಿದರೂ ರಾತ್ರಿ ಮತ್ತೆ ಒದ್ದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೀಲ್ ಬೋಲ್ಟ್ ಸೇರಿದ ಕಡೆ ಆ ಉಪ್ಪುನೀರು ಎರಡು ಲೋಹಗಳನ್ನೂ ಕೂಡಿಸಿ ಪುಟ್ಟ ಬ್ಯಾಟರಿ ಮಾಡುತ್ತದೆ, ಸವೆಯುವುದು ಅಲ್ಯೂಮಿನಿಯಂ. ಕಬ್ಬಿಣದ ತುಕ್ಕಾದರೆ ಕೆಂಪಗೆ ಕೂಗಿ ಹೇಳುತ್ತದೆ. ಇದು ಬರೀ ಬಿಳಿ ಪುಡಿ.

ಆ ಪುಡಿಯನ್ನು ನಾನು ನೋಡಿದ್ದೆ, ಹ್ಯಾಂಡಲಿನ ಕೀಲಿನಲ್ಲಿ. ಬೆರಳಿನಿಂದ ಒರೆಸಿದೆ. ಕೊಕ್ಕೆ ಸರಿಯಾಗಿ ಕೂರಲಿಲ್ಲ. ಅಂಗೈಯಿಂದ ಗುದ್ದಿ ಕೂರಿಸಿ ಸೈಕಲ್ಲನ್ನು ಹೆಂಡತಿಯ ಕೈಗೆ ಕೊಟ್ಟೆ. ಆವಾಸ್ ದಾಟಿದ ಮೇಲೆ ಒಂದು ಹಳ್ಳದ ಕುಲುಕಾಟಕ್ಕೆ ಅದು ಬಿಚ್ಚಿಕೊಂಡಿತು. ಅವಳ ಎಡ ಮಣಿಕಟ್ಟು ಮುರಿಯಿತು. ವಾಪಸು ಬರುವಾಗ, ದುಪಟ್ಟಾದಲ್ಲಿ ಕೈ ಕಟ್ಟಿಕೊಂಡು ಕೂತವಳು ಕೇಳಿದ್ದು ಒಂದೇ ಮಾತು: "ನೀನು ಮೊದಲೇ ನೋಡಿದ್ದೆಯಾ?"

"ಇಲ್ಲ" ಎಂದೆ.

ಪ್ಲಾಸ್ಟರ್ ಆರು ವಾರವಿತ್ತು. ಐದನೆಯ ವಾರ, ಅವಳಿಗೆ ಜಡೆ ಹೆಣೆಯುವಾಗ, ನಿಜ ಹೇಳಿದೆ. ಅವಳು ತಿರುಗಲಿಲ್ಲ. "ಗೊತ್ತು. ಅವತ್ತು ನಿನ್ನ ಬೆರಳು ಬೆಳ್ಳಗಿತ್ತು" ಎಂದಳು.

ಈಗ ಸೈಕಲ್ಲುಗಳು ದೋಣಿಯಲ್ಲಿ ರಾತ್ರಿ ಕಳೆಯುವುದಿಲ್ಲ. ನಮ್ಮ ಜೊತೆಗೇ ಮನೆಗೆ ಬರುತ್ತವೆ. ಸಿಹಿನೀರಿನ ಸ್ನಾನ, ಕೀಲಿಗೆ ಗ್ರೀಸು, ಸರಪಳಿಗೆ ಎಣ್ಣೆ. ತಿಂಗಳಿಗೊಮ್ಮೆ ಸೀಟಿನ ಕೊಳವೆಯನ್ನು ಪೂರ್ತಿ ಹೊರಗೆಳೆದು ಒರೆಸಬೇಕು. ಇಲ್ಲದಿದ್ದರೆ ಅದು ಚೌಕಟ್ಟಿಗೇ ಕಚ್ಚಿಕೊಂಡುಬಿಡುತ್ತದೆ. ಈ ಕೆಲಸವೆಲ್ಲ ನನ್ನದು. ಪರೀಕ್ಷೆ ಅವಳದು. ಹತ್ತುವ ಮೊದಲು ಕೊಕ್ಕೆ ತೆರೆದು, ಮುಚ್ಚಿ, ಕೀಲನ್ನು ತನ್ನ ಬೆರಳಿನಿಂದಲೇ ಒರೆಸಿ ಬೆಳಕಿಗೆ ಹಿಡಿದು ನೋಡುತ್ತಾಳೆ.

ಅಷ್ಟು ಹೊತ್ತು ನಾನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೇನೆ.