ನಾಲವಾರದಲ್ಲಿ ಇಳೀರಿ, ಒಂದು ಲೆಕ್ಕ ಇಟ್ಕೊಳ್ಳಿ

ಬೆಂಗಳೂರಿನಿಂದ ಕಲಬುರಗಿ ಕಡೆ ರೈಲಿನಲ್ಲಿ ಹೋಗಿದ್ದೀರಾ? ಯಾದಗಿರಿ ದಾಟಿ, ವಾಡಿ ಜಂಕ್ಷನ್ ಬರೋಕೆ ಮುಂಚೆ ನಾಲವಾರ ಅಂತ ಒಂದು ಸಣ್ಣ ಸ್ಟೇಷನ್ ಸಿಗುತ್ತೆ. ಚಿತ್ತಾಪುರ ತಾಲೂಕಿನ ಊರು. ಹೆಚ್ಚಿನವರು ಬೋರ್ಡ್ ಓದಿ ಮತ್ತೆ ಮೊಬೈಲ್ ನೋಡ್ತಾರೆ.

ಆದ್ರೆ ಈ ಸೀಮೆ ನಿಮಗೆ ಅಪರಿಚಿತ ಏನಲ್ಲ. ಹಳೇ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು, ವಾಡಿ–ಸೇಡಂನ ಸಿಮೆಂಟು, ಸಾಂಬಾರಿನ ತೊಗರಿಬೇಳೆ, ಎಲ್ಲಾ ಇಲ್ಲಿಂದ ಬರುವಂಥವೇ. ನಮ್ಮ ಕಡೆಯಿಂದ ಊರಿಗೂರೇ ಕಟ್ಟೋ ಸಾಮಾನು ಹೊರಗೆ ಹೋಗುತ್ತೆ, ಜೊತೆಗೆ ನನ್ನಂಥ ಎಂಜಿನಿಯರ್‌ಗಳೂ ಹೋಗ್ತಾರೆ. ಊರಿಗೆ ಏನು ಉಳೀತು ಅನ್ನೋದೇ ನನ್ನ ಪ್ರಶ್ನೆ.

ನಾಲವಾರದಿಂದ ಸನ್ನತಿಗೆ ಸುಮಾರು 20 ಕಿ.ಮೀ. ಭೀಮಾ ನದಿ ದಂಡೆ ಮೇಲೆ ಚಂದ್ರಲಾಂಬಾ ದೇವಿ ಗುಡಿ ಇದೆ. ಮಹಾರಾಷ್ಟ್ರದಿಂದಲೂ ಭಕ್ತರು ಬರ್ತಾರೆ. 1986ರಲ್ಲಿ ಇದೇ ಆವರಣದ ಕಾಳಿಕಾ ಗುಡಿಯ ಚಾವಣಿ ಕುಸೀತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರೋದು ಗೊತ್ತಾಯ್ತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಪುರಾತತ್ವ ಇಲಾಖೆ ಅಗೆದಾಗ ದೊಡ್ಡ ಬೌದ್ಧ ಸ್ತೂಪದ ಅವಶೇಷ ಸಿಕ್ತು. ಅಲ್ಲೇ ರಾಣಿಯರ ಜೊತೆ ನಿಂತ ರಾಜನ ಶಿಲ್ಪ, ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ‘ರಾಯಾ ಅಸೋಕೋ’. ಹೆಸರು ಬರೆದಿರೋ ಅಶೋಕನ ಶಿಲ್ಪ ಅಂತ ಇದಕ್ಕೆ ಅಷ್ಟು ಬೆಲೆ.

ಎಲ್ಲರೂ ಫೋಟೊ ತೆಗೆಯೋದು ಅಶೋಕನದ್ದೇ. ನನಗೆ ಹಿಡಿಸಿದ್ದು ಬೇರೆ. ಸ್ತೂಪದ ಎಷ್ಟೋ ಕಲ್ಲುಗಳ ಮೇಲೆ ದಾನ ಕೊಟ್ಟವರ ಹೆಸರಿದೆ. ಗೃಹಸ್ಥರು, ಭಿಕ್ಷುಗಳು, ಭಿಕ್ಷುಣಿಯರು ತಮ್ಮ ತಮ್ಮ ಪಾಲು ಹಾಕಿದ್ದಾರೆ. ಸುಮಾರು 2000 ವರ್ಷದ ಹಿಂದೆ ಇದೇ ಸುಣ್ಣದಕಲ್ಲಿನಲ್ಲಿ, ಇದೇ ನದಿ ದಂಡೆಯಲ್ಲಿ, ಜನ ಕೂಡಿ ಹಣ ಹಾಕಿ ಕಟ್ಟಿದ ಕಟ್ಟಡ ಅದು.

ಈಗ ನಮ್ಮ ಟ್ರಿಪ್ ಹೇಗಿರುತ್ತೆ? ಬೆಳಿಗ್ಗೆ ಕಲಬುರಗಿಯಿಂದ ಕಾರು, ಮಧ್ಯಾಹ್ನ ರೀಲ್ಸ್, ಸಂಜೆಗೆ ವಾಪಸ್ ಹೋಟೆಲ್. ನೀರಿನ ಬಾಟಲಿ ಕೂಡ ಡಿಕ್ಕಿಯಲ್ಲೇ. ಊರಿಗೆ ಉಳಿಯೋದು ಧೂಳು. ಅದೇ ಒಂದು ಮನೆಯಲ್ಲಿ ಮೊದಲೇ ಹೇಳಿ, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಊಟ ಮಾಡಿ ಕೇಳಿದಷ್ಟು ಕೊಟ್ಟರೆ, ಆ ದುಡ್ಡು ಆ ಓಣಿಯಲ್ಲೇ ಓಡಾಡುತ್ತೆ.

ಬಿಸಿಲಿನ ಲೆಕ್ಕವೂ ಇದೇ. ಇಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಸೋಲಾರ್‌ಗೆ ಹೇಳಿ ಮಾಡಿಸಿದ ಜಾಗ. ಆದ್ರೆ ಯಾರ ಸೋಲಾರ್? ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಆಯ್ತು. ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ಇಲ್ಲದ ಊರಲ್ಲಿ ಜಮೀನಿದ್ದವರಿಗೆ ಅದು ದೊಡ್ಡ ಆಸರೆ. ಜಮೀನಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದವರಿಗೆ ಮಾತ್ರ ಬಾಡಿಗೆ ಯಾರೂ ಕೊಡಲ್ಲ. ತೊಗರಿ ಬಿಡಿಸೋ ಕೂಲಿಯನ್ನೇ ನಂಬಿದ ನಮ್ಮ ಸೀಮೆಯವರು ಇದನ್ನ ಈಗಲೇ ಯೋಚಿಸಬೇಕು.

ಇನ್ನೊಂದು ದಾರಿಯೂ ಇದೆ. 2014ರ ‘ಸೂರ್ಯ ರೈತ’ ಯೋಜನೆಯಲ್ಲಿ ಕನಕಪುರದ ಹಾರೋಬೆಲೆ ರೈತರು ಸಹಕಾರ ಸಂಘ ಮಾಡಿಕೊಂಡರು. ಪಂಪ್‌ಸೆಟ್‌ಗೆ ಸೋಲಾರ್, ಮಿಕ್ಕ ಕರೆಂಟು ಲೈನಿಗೆ ಮಾರಾಟ. ಬಿಸಿಲು ಅಲ್ಲಿ ರೈತನ ಇನ್ನೊಂದು ಬೆಳೆ.

ನಮ್ಮ ಹಳ್ಳಿಗೆ ಎಲ್ಲಿಂದ ಶುರು ಮಾಡೋದು? ಮನೆಗಳಿಂದ ಅಲ್ಲ ಅಂತ ನನಗನ್ನಿಸುತ್ತೆ. 2023ರಿಂದ ಗೃಹಜ್ಯೋತಿ ಇರೋದ್ರಿಂದ ಹಳ್ಳಿಯ ಎಷ್ಟೋ ಮನೆಗಳಿಗೆ ಬಿಲ್ಲೇ ಬರಲ್ಲ. ಪ್ಯಾನಲ್ ಹಾಕಿ ಉಳಿಸೋದೇನು? ಪಂಚಾಯ್ತಿ ಬಿಲ್ ನೋಡಿ: ಕುಡಿಯೋ ನೀರಿನ ಮೋಟಾರ್, ಬೀದಿ ದೀಪ. ನೀರಿನ ಟ್ಯಾಂಕನ್ನ ಹಗಲೇ ತುಂಬಿಸಬಹುದು. ಬಿಸಿಲಿದ್ದಾಗ ಮೋಟಾರ್ ಓಡುತ್ತೆ, ರಾತ್ರಿಗೆ ಟ್ಯಾಂಕೇ ಬ್ಯಾಟರಿ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸುಮಾರು 4 ಯುನಿಟ್ ಅಂತ ಹಿಡಿದರೆ, 10 ಕಿಲೋವ್ಯಾಟ್‌ಗೆ 40. ಶಾಲೆ, ಪಂಚಾಯ್ತಿ ಮಾಳಿಗೆಗಳೇ ಸಾಕು. ಉಳಿದ ಬಿಲ್ಲಿನ ದುಡ್ಡಿಗೆ ಯಾರು ಹೊಣೆ, ಪ್ಯಾನಲ್ ಒರೆಸೋ ಕೆಲಸ ಯಾರಿಗೆ, ಕೆಟ್ಟರೆ ಯಾರು ರಿಪೇರಿ ಮಾಡಿಸ್ತಾರೆ, ಇದನ್ನ ಗ್ರಾಮಸಭೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಯಂತ್ರ ಸುಲಭ, ಇದು ಕಷ್ಟ.

ಇಲ್ಲಿ ನಮ್ಮಂಥವರಿಗೂ ಕೆಲಸ ಇದೆ. ಆಫೀಸಲ್ಲಿ ದಿನಾ ಎಕ್ಸೆಲ್ ಶೀಟ್ ತಿದ್ದೋ ಕೈ, ಊರಿಗೆ ಹೋದಾಗ ಒಂದು ವರ್ಷದ ಪಂಚಾಯ್ತಿ ಬಿಲ್ ಕೂಡಿಸಿ ಕೊಡಲಿ. ಸಭೆಯಲ್ಲಿ ಮಾತಾಡೋಕೆ ಅದೊಂದು ಹಾಳೆ ಸಾಕು.

ಸನ್ನತಿಗೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ, ಬಿಸಿಲು ತಡೆಯಬಹುದು. ಅಶೋಕನನ್ನ ನೋಡಿ. ಆಮೇಲೆ ಸುತ್ತ ಬಿದ್ದಿರೋ ಕಲ್ಲುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ. ಪಾಲು ಹಾಕಿದವರ ಹೆಸರು ಅಲ್ಲಿವೆ.